ಫುಟ್‌ಬಾಲ್ ಆಟಗಾರ ಡೇವಿಡ್ ಅಲಾಬಾ ನಿಜಕ್ಕೂ ಡಿಫೆಂಡರೇ? ಆಸ್ಟ್ರಿಯಾ ತಂಡದಲ್ಲಿ ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದರಲ್ಲ?

ಎರಡೂ ನಿಜ. 1992ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅಲಾಬಾ 17ನೇ ವಯಸ್ಸಿಗೇ ದೇಶದ ಪರ ಆಡಿದರು. ಮೂಲತಃ ಮಿಡ್‌ಫೀಲ್ಡರ್. ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್‌ನಲ್ಲಿ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಆಗಿ ನೆಲೆಯೂರಿದರು. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಅನ್ನು 2013ರಲ್ಲಿ ಗೆದ್ದದ್ದು ಆ ಜಾಗದಲ್ಲೇ. ಹಾನ್ಸಿ ಫ್ಲಿಕ್ ಕೋಚ್ ಆಗಿದ್ದಾಗ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಆದರು, 2020ರಲ್ಲಿ ಮತ್ತೆ ಅದೇ ಕಪ್. ನನಗಂತೂ ಅವರ ಅತ್ಯುತ್ತಮ ಆಟ ಅದೇ: ಹಿಂದೆ ನಿಂತೇ ಇಡೀ ಪಂದ್ಯ ನಡೆಸುತ್ತಿದ್ದರು. ಬಯರ್ನ್‌ನಲ್ಲಿ 10 ಬುಂಡೆಸ್‌ಲಿಗಾ (ಜರ್ಮನಿಯ ಲೀಗ್) ಗೆದ್ದು, 2021ರಲ್ಲಿ ಒಪ್ಪಂದ ಮುಗಿಸಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಸೇರಿದರು. ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ವಿರುದ್ಧ ಗೆದ್ದಾಗ ಕುರ್ಚಿ ಎತ್ತಿ ಕುಣಿದರಲ್ಲ, ಅವರೇ ಇವರು!

2023ರ ಡಿಸೆಂಬರ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. 2024ರ ಯೂರೋ ಕಪ್‌ಗೆ ಆಡದ ನಾಯಕನಾಗಿಯೇ ಆಸ್ಟ್ರಿಯಾ ತಂಡದ ಜೊತೆ ಹೋದರು.