ಅಭಿವೃದ್ಧಿ ಮತ್ತು ಚಳವಳಿಗಳ ಸಂಶೋಧನೆ: ಎಲ್ಲಿಂದ ಶುರು ಮಾಡಬೇಕು?

ಎಂ.ಎ. ಮುಗಿಯುತ್ತಿದೆ, ಅಂತರರಾಷ್ಟ್ರೀಯ ಅಭಿವೃದ್ಧಿ ಮತ್ತು ಸಾಮಾಜಿಕ ಚಳವಳಿ ಎರಡನ್ನೂ ಸೇರಿಸಿ ಪಿಎಚ್.ಡಿ. ಮಾಡಬೇಕು, ಯಾವ ವಿಶ್ವವಿದ್ಯಾಲಯ ಹುಡುಕಲಿ ಎಂದು ಕೇಳಿದ್ದೀರಿ. ವಿಶ್ವವಿದ್ಯಾಲಯದ ಮಾತು ಆಮೇಲೆ. ಮೊದಲು ಒಂದು ಯೋಜನೆ, ಅದಕ್ಕೆ ಸಾಲ ಕೊಟ್ಟ ಸಂಸ್ಥೆ, ಅದನ್ನು ವಿರೋಧಿಸಿದ ಜನ, ಈ ಮೂರೂ ಇರುವ ಪ್ರಕರಣ ಆರಿಸಿಕೊಳ್ಳಿ. ‘ಜಾಗತೀಕರಣ ಮತ್ತು ಪ್ರತಿರೋಧ’ ಎಂಬಷ್ಟು ಅಗಲದ ವಿಷಯ ಹಿಡಿದರೆ ಯಾವ ಕಡತ ತೆರೆಯಬೇಕು, ಯಾರನ್ನು ಮಾತಾಡಿಸಬೇಕು ಎಂಬುದೇ ತಿಳಿಯುವುದಿಲ್ಲ.

ನರ್ಮದಾ ನದಿಯ ಸರ್ದಾರ್ ಸರೋವರ ಅಣೆಕಟ್ಟನ್ನೇ ನೋಡಿ. 1985ರಲ್ಲಿ ವಿಶ್ವಬ್ಯಾಂಕ್ ಸಾಲ ಒಪ್ಪಿತು. ನರ್ಮದಾ ಬಚಾವೋ ಆಂದೋಲನದ ಒತ್ತಡ ಹೆಚ್ಚಿದ ಮೇಲೆ ಬ್ಯಾಂಕ್ ನೇಮಿಸಿದ ಮೋರ್ಸ್ ಸಮಿತಿ 1992ರಲ್ಲಿ ಪುನರ್ವಸತಿಯ ಲೋಪಗಳನ್ನು ಬಯಲಿಗಿಟ್ಟಿತು. 1993ರ ಮಾರ್ಚ್‌ನಲ್ಲಿ ಉಳಿದ ಸಾಲ ಬೇಡವೆಂದು ಭಾರತ ಹೇಳಿತು. ಅದೇ ವರ್ಷ ಬ್ಯಾಂಕಿನಲ್ಲಿ, ಅದರ ಯೋಜನೆಗಳಿಂದ ಹಾನಿಗೊಳಗಾದವರ ದೂರು ವಿಚಾರಿಸುವ ಇನ್‌ಸ್ಪೆಕ್ಷನ್ ಪ್ಯಾನೆಲ್ ಹುಟ್ಟಿತು. ಆದರೂ ಅಣೆಕಟ್ಟು ಪೂರ್ಣಗೊಂಡಿತು. ಸಾಲ ಕೊಟ್ಟ ಸಂಸ್ಥೆಯ ನಿಯಮವನ್ನೇ ಬದಲಿಸಿದ ಒತ್ತಡಕ್ಕೆ ಕಾಮಗಾರಿ ತಡೆಯಲು ಏಕೆ ಆಗಲಿಲ್ಲ? ನನ್ನ ಮಟ್ಟಿಗೆ ಒಳ್ಳೆಯ ಸಂಶೋಧನಾ ಪ್ರಶ್ನೆಯೆಂದರೆ ಇಂಥದ್ದು.

ಈ ಪ್ಯಾನೆಲ್‌ನ ಜಾಲತಾಣ ಹೊಸಬರಿಗೆ ದೊಡ್ಡ ಆಸ್ತಿ. ಅಲ್ಲಿ ಜನರ ದೂರು, ಬ್ಯಾಂಕ್ ಆಡಳಿತದ ಉತ್ತರ, ತನಿಖಾ ವರದಿ ಸಿಗುತ್ತವೆ. ಅದೇ ಕ್ರಮದಲ್ಲಿ ಓದಿ. ಎಚ್ಚರಿಕೆ ಒಂದೇ: ಬ್ಯಾಂಕ್ ತನ್ನದೇ ನೀತಿಗಳನ್ನು ಮೀರಿದ್ದರಿಂದ ಹಾನಿಯಾಗಿದೆ ಎಂದರಷ್ಟೇ ದೂರು ನಿಲ್ಲುತ್ತದೆ. ಹಾಗಾಗಿ ‘ಈ ಯೋಜನೆಯೇ ನಮಗೆ ಬೇಡ’ ಎಂಬ ಮಾತು ಅರ್ಜಿಯಲ್ಲಿ ‘ಸಮಾಲೋಚನೆ ಸಾಲದು’ ಎಂದು ತಿದ್ದಿಕೊಂಡು ಬರಬಹುದು. ದೂರಿನ ಭಾಷೆಯನ್ನು ಊರಿನವರ ದನಿಯೆಂದೇ ಓದಿದರೆ ಇಡೀ ಪ್ರಬಂಧ ದಾರಿ ತಪ್ಪುತ್ತದೆ. ಪತ್ರಿಕಾ ವರದಿಗಳಿಗೂ ಇಂಥದೇ ಮಿತಿಯಿದೆ: ನಗರದ, ದೊಡ್ಡ, ಗಲಾಟೆಯಾದ ಪ್ರತಿಭಟನೆ ಅಚ್ಚಾಗುತ್ತದೆ, ತಿಂಗಳುಗಟ್ಟಲೆ ನಡೆದ ಹಳ್ಳಿ ಸಭೆ ಅಚ್ಚಾಗುವುದಿಲ್ಲ.

ಕ್ಷೇತ್ರಕಾರ್ಯದಲ್ಲಿ ನಾಯಕರಿಂದ ನಾಯಕರಿಗೆ ಪರಿಚಯ ಬೆಳೆಸುತ್ತ ಹೋದರೆ ಒಂದೇ ಬಣದ ಕಥೆ ಸಿಗುತ್ತದೆ. ಚಳವಳಿ ಬಿಟ್ಟುಹೋದವರನ್ನು, ಪರಿಹಾರ ಪಡೆದು ಸುಮ್ಮನಾದವರನ್ನು, ಯೋಜನೆಯ ಪರವಾಗಿದ್ದವರನ್ನು ಬೇರೆ ಬೇರೆ ದಾರಿಯಿಂದ ಹುಡುಕಿ. ಒಂದು ಗಂಟೆಯ ಧ್ವನಿಮುದ್ರಣ ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು, ಅನುವಾದವಿದ್ದರೆ ಇನ್ನೂ ಹೆಚ್ಚು. ಹೆಸರುಗಳ ಪಟ್ಟಿ ಮತ್ತು ಧ್ವನಿಮುದ್ರಣ ಒಂದೇ ಲ್ಯಾಪ್‌ಟಾಪಿನಲ್ಲಿ ಇರಕೂಡದು. ಅದು ಕಳುವಾದರೆ ಅಥವಾ ಜಪ್ತಿಯಾದರೆ ತೊಂದರೆಗೆ ಸಿಲುಕುವವರು ನಿಮ್ಮನ್ನು ನಂಬಿ ಮಾತಾಡಿದವರು. ಸಂಶೋಧನೆಯ ನೈತಿಕತೆ ಪರಿಶೀಲಿಸುವ ವಿಶ್ವವಿದ್ಯಾಲಯದ ಸಮಿತಿಯ ಒಪ್ಪಿಗೆ ಬರುವ ಮುಂಚೆ ಸಂದರ್ಶನ ಬೇಡ.

ಪ್ರಕರಣ ಆರಿಸಿ ದಾಖಲೆ ಓದಿದ ಮೇಲೆ, ಕ್ಷೇತ್ರಕ್ಕೆ ಇಳಿಯುವ ಮುಂಚೆ, ಮಾರ್ಗದರ್ಶಕರಿಗೆ ಬರೆಯಿರಿ. ಅರ್ಧ ಪುಟ ಸಾಕು: ಪ್ರಕರಣ, ಪ್ರಶ್ನೆ, ಈಗಾಗಲೇ ಓದಿದ ದಾಖಲೆ, ಬಲ್ಲ ಭಾಷೆಗಳು. ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ಕಾಲ ಕ್ಷೇತ್ರದಲ್ಲಿದ್ದರು, ಖರ್ಚು ಯಾರು ಕೊಟ್ಟರು ಎಂದು ಆ ವಿದ್ಯಾರ್ಥಿಗಳನ್ನೇ ವಿಚಾರಿಸಿ.