ಎಲ್ಲ ಸಾಲಿಗೂ ‘ಸೇವೆ ಸಲ್ಲಿಸಿದರು’ ಬೇಕಾ?

ಶಾಲೆಯಲ್ಲಿ ಮೇಷ್ಟ್ರಾಗಿರುವ ದೊಡ್ಡಪ್ಪನ ಬೀಳ್ಕೊಡುಗೆಗೆ ಪರಿಚಯ ಬರೆಯುತ್ತಿದ್ದೀರಿ, ಪ್ರತಿ ಸಾಲೂ ‘ಸೇವೆ ಸಲ್ಲಿಸಿದರು’ ಎಂದೇ ಮುಗಿಯುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಿಮ್ಮ ಕರಡಿನಲ್ಲಿ ಅವರು ಸೈಕಲ್ ಶಾಪಿನಲ್ಲೂ ‘ಸೇವೆ ಸಲ್ಲಿಸಿದ್ದಾರೆ’! ಅಲ್ಲಿ ‘ಪಂಕ್ಚರ್ ಹಾಕುತ್ತಿದ್ದರು’ ಅಂತಲೇ ಬರೆಯಿರಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಶಾಲೆಯ ವಿಷಯದಲ್ಲಿ ಮಾತ್ರ ಹುಷಾರು. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿ ಇದ್ದಾಗ ನೋಡಿಕೊಂಡಿದ್ದರೆ ‘ಪ್ರಭಾರ ವಹಿಸಿಕೊಂಡರು’. ಬಡ್ತಿಯ ಆದೇಶ ಬಂದಿದ್ದರೆ ಮಾತ್ರ ‘ಬಡ್ತಿ ಪಡೆದರು’. ಎರಡನ್ನೂ ಕಲಸಿದರೆ ವೇದಿಕೆ ಮೇಲಿರುವ ಸಹೋದ್ಯೋಗಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. 60 ವರ್ಷ ತುಂಬಿ ಹೊರಬರುತ್ತಿದ್ದರೆ ‘ವಯೋನಿವೃತ್ತಿ’, ಮೊದಲೇ ತಾವಾಗಿ ಬಿಡುತ್ತಿದ್ದರೆ ‘ಸ್ವಯಂ ನಿವೃತ್ತಿ’.

ವಿಶ್ವೇಶ್ವರಯ್ಯನವರ ಬದುಕನ್ನೇ ಬರೆದು ನೋಡಿ: 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದರು, 1912ರಲ್ಲಿ ದಿವಾನರಾದರು, 1918ರಲ್ಲಿ ದಿವಾನಗಿರಿ ಬಿಟ್ಟರು. ಬಂದರು, ಆದರು, ಬಿಟ್ಟರು, ಅಷ್ಟೇ. ಆ ಕೊನೆಯದನ್ನು ಸುಮ್ನೆ ‘ನಿವೃತ್ತರಾದರು’ ಮಾಡಿದರೆ ವಯಸ್ಸಾಗಿ ಮನೆಗೆ ಹೋದರು ಅನಿಸುತ್ತೆ, ಅಲ್ವಾ? ಅವರು ಹುದ್ದೆ ಬಿಡಲು ಕಾರಣವಾದ, ಮೀಸಲಾತಿ ವಿಚಾರದಲ್ಲಿ ಮಹಾರಾಜರೊಂದಿಗಿನ ಭಿನ್ನಾಭಿಪ್ರಾಯ ಪೂರ್ತಿ ಮರೆಯಾಗುತ್ತದೆ.

‘ಸೇವೆ ಸಲ್ಲಿಸಿದರು’ ಒಂದು ಕಡೆ ಇರಲಿ, ಒಟ್ಟು ವರ್ಷ ಹೇಳುವ ಸಾಲಿನಲ್ಲಿ. ಉಳಿದ ಕಡೆ ‘ಪಾಠ ಮಾಡಿದರು’ ಸಾಕು.