ಅಪ್ಪ-ಅಮ್ಮ ಬಂದಾಗ ಸಮುದ್ರದ ಹತ್ತಿರ ಒಂದು ದಿನ

ನೀನು ಕೇಳಿದ್ದು ಇಷ್ಟು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ನಾಲ್ಕು ತಿಂಗಳಾಯಿತು. ನವೆಂಬರ್‌ನಲ್ಲಿ ಶಿವಮೊಗ್ಗದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಮಂಡಿ ನೋವು, ಅಮ್ಮನಿಗೆ ಕಾರಿನಲ್ಲಿ ತಲೆ ಸುತ್ತುತ್ತದೆ. ಎಲ್ಲರೂ ಯೊಸೆಮಿಟಿ, ಲಾಸ್ ವೇಗಸ್ ಅನ್ನುತ್ತಾರೆ. ಸುಮ್ನೆ ಆರಾಮಾಗಿ ಒಂದು ದಿನ ಕಳೆಯೋ ಜಾಗ ಇಲ್ವಾ ಅಕ್ಕಾ, ಅಂತ. ಅಕ್ಕಾ ಅಂದಿದ್ದೀಯ, ಹಾಗಾಗಿ ತಂಗಿಗೆ ಹೇಳುವ ಹಾಗೇ ಹೇಳುತ್ತೇನೆ.

ಇದೆ. ಸಾಂತಾ ಕ್ರೂಜ್‌ನ ಪಶ್ಚಿಮದ ತುದಿಯಲ್ಲಿ ನ್ಯಾಚುರಲ್ ಬ್ರಿಡ್ಜಸ್ ಸ್ಟೇಟ್ ಬೀಚ್. ಎಲ್ಲ ಸೇರಿ 65 ಎಕರೆ, ಅಷ್ಟೇ. ಒಂದು ಮರಳಿನ ದಂಡೆ, ಒಂದು ನೀಲಗಿರಿ ತೋಪು, ಒಂದಿಷ್ಟು ಬಂಡೆ, ಊಟಕ್ಕೆ ಮೇಜು-ಬೆಂಚು, ಶೌಚಾಲಯ. ಅಮೆರಿಕಕ್ಕೆ ಬಂದ ಮೊದಲ ವರ್ಷ ನಾವೂ ಮೂರು ದಿನದಲ್ಲಿ ಐದು ಊರು ನೋಡುವ ಪ್ರವಾಸ ಮಾಡಿದೆವು. ನನ್ನ ಅತ್ತೆ-ಮಾವ ಹೆಚ್ಚು ಹೊತ್ತು ಕಾರಿನ ಹಿಂದಿನ ಸೀಟಿನಲ್ಲೇ ಕಳೆದರು. ಊರಿಗೆ ಹೋದ ಮೇಲೆ ಮಾವ ಎಲ್ಲರಿಗೂ ಹೇಳಿದ್ದು ಮಾತ್ರ ಕೊನೆಯ ಭಾನುವಾರ ಸುಮ್ನೆ ಹೋಗಿ ಕೂತಿದ್ದ ಈ ಜಾಗದ ಬಗ್ಗೆ. ಅವತ್ತಿನಿಂದ ಊರಿಂದ ಯಾರೇ ಬರಲಿ, ಮೊದಲು ಇಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ನವೆಂಬರ್ ಅಂದಿದ್ದು ಒಳ್ಳೆಯದಾಯಿತು. ಜೂನ್, ಜುಲೈನಲ್ಲಿ ಅಲ್ಲಿ ಮಧ್ಯಾಹ್ನದವರೆಗೂ ಮಂಜು ಕವಿದಿರುವುದೇ ಜಾಸ್ತಿ. ನವೆಂಬರ್‌ನಲ್ಲಿ ಬಿಸಿಲಿರುವ ದಿನ ಸಿಗುತ್ತದೆ, ಜೊತೆಗೆ ಚಿಟ್ಟೆಗಳು ಬಂದಿರುತ್ತವೆ. ಮೊನಾರ್ಕ್ ಅಂತ, ಕಿತ್ತಳೆ ಬಣ್ಣಕ್ಕೆ ಕಪ್ಪು ಗೆರೆ. ರಾಕಿ ಪರ್ವತದ ಪಶ್ಚಿಮಕ್ಕಿರುವ ರಾಜ್ಯಗಳಿಂದ ಹಾರಿ ಬಂದು, ಅಕ್ಟೋಬರ್ ಮಧ್ಯದಿಂದ ಚಳಿ ಮುಗಿಯುವವರೆಗೆ ಈ ತೋಪಿನಲ್ಲಿ ಇರುತ್ತವೆ. ತೋಪು ಒಂದು ಸಣ್ಣ ತಗ್ಗಿನಲ್ಲಿದೆ, ಹಾಗಾಗಿ ಸಮುದ್ರದ ಗಾಳಿ ಹೊಡೆಯುವುದಿಲ್ಲ. ನೀಲಗಿರಿ ಚಳಿಗಾಲದಲ್ಲಿ ಹೂ ಬಿಡುವುದರಿಂದ ಮಕರಂದವೂ ಸಿಗುತ್ತದೆ. ನೀಲಗಿರಿ ಇಲ್ಲಿನ ಮರವಲ್ಲ. ನಮ್ಮಲ್ಲಿಗೆ ಬಂದ ಹಾಗೆ ಇಲ್ಲಿಗೂ ಆಸ್ಟ್ರೇಲಿಯಾದಿಂದಲೇ ಬಂದದ್ದು.

ಬೆಳಿಗ್ಗೆ ಹತ್ತರ ಹೊತ್ತಿಗೆ ತೋಪಿನೊಳಗೆ ಇರಬೇಕು. ಮರದ ಹಲಗೆ ಹಾಸಿದ ದಾರಿ ಇದೆ, ಸ್ವಲ್ಪ ಇಳಿಜಾರು. ಅಪ್ಪ ಕೋಲು ಹಿಡಿದು ನಿಧಾನವಾಗಿ ನಡೆಯಲಿ, ಅವಸರವೇನೂ ಇಲ್ಲ ಅಲ್ವಾ. ಮೊದಲು ನೋಡಿದಾಗ ಏನೂ ಕಾಣಿಸುವುದಿಲ್ಲ. ಕೊಂಬೆಯ ತುದಿಯಲ್ಲಿ ಒಣಗಿದ ಎಲೆಗಳ ಗೊಂಚಲು ನೇತಾಡುತ್ತಿದೆ ಅನ್ನಿಸುತ್ತದೆ. ಅದನ್ನೇ ನೋಡುತ್ತಾ ನಿಲ್ಲು. ಸುಮಾರು 13 ಡಿಗ್ರಿಗಿಂತ ತಣ್ಣಗಿದ್ದರೆ ಅವು ಹಾರಲಾರವು, ರೆಕ್ಕೆ ಮುಚ್ಚಿ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಬಿಸಿಲು ಮರದ ಸಂದಿಯಿಂದ ಇಳಿದು ಗೊಂಚಲಿನ ಒಂದು ಮೂಲೆಗೆ ಬಿದ್ದಾಗ, ಅಲ್ಲಿ ಒಂದು ಒಣ ಎಲೆ ತೆರೆದುಕೊಳ್ಳುತ್ತದೆ. ಒಳಗೆ ಕೆಂಡದ ಬಣ್ಣ. ಪಕ್ಕದ್ದು, ಅದರ ಪಕ್ಕದ್ದು. ಆಮೇಲೆ ನಾಲ್ಕೈದು ಒಟ್ಟಿಗೆ ಎದ್ದು ತಲೆಯ ಮೇಲೆ ತೇಲುತ್ತವೆ. ಮಾವ ಅವತ್ತು ಮುಕ್ಕಾಲು ಗಂಟೆ ಕತ್ತೆತ್ತಿಕೊಂಡೇ ನಿಂತಿದ್ದರು, ಕುಳಿತುಕೊಳ್ಳಿ ಅಂದರೂ ಕೇಳಲಿಲ್ಲ.

ನಿನ್ನ ಅಮ್ಮನಿಗೆ ಇನ್ನೊಂದು ವಿಷಯ ಹೇಳು. ಈ ಚಿಟ್ಟೆ ಮೊಟ್ಟೆ ಇಡುವುದು ಮಿಲ್ಕ್‌ವೀಡ್ ಅನ್ನುವ ಗಿಡದ ಮೇಲೆ ಮಾತ್ರ. ರಥಸಪ್ತಮಿಗೆ ತಲೆ, ಭುಜದ ಮೇಲಿಟ್ಟು ಸ್ನಾನ ಮಾಡುತ್ತೇವಲ್ಲ, ಆ ಎಕ್ಕದ ಕುಟುಂಬದ್ದೇ ಗಿಡ. ಎಲೆ ಕಿತ್ತರೆ ಹಾಗೇ ಬಿಳಿ ಹಾಲು ಬರುತ್ತದೆ. ಊರಲ್ಲಿ ಎಕ್ಕದ ಗಿಡದ ಸುತ್ತ ಹಾರಾಡುವ ಕಿತ್ತಳೆ ಚಿಟ್ಟೆ ನೋಡಿದ್ದೀಯಲ್ಲ, ಅದು ಇದರ ಹತ್ತಿರದ ನೆಂಟ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ವರ್ಷ ಸಾವಿರಗಟ್ಟಲೆ ಇರುವುದಿಲ್ಲ. 1980ರ ದಶಕದಲ್ಲಿ ಪಶ್ಚಿಮದ ಮೊನಾರ್ಕ್‌ಗಳು ಲಕ್ಷಗಟ್ಟಲೆ ಇದ್ದವು. 2020ರ ಚಳಿಗಾಲದ ಎಣಿಕೆಯಲ್ಲಿ ಎಲ್ಲ ಜಾಗ ಸೇರಿ 2,000ಕ್ಕಿಂತ ಕಡಿಮೆ ಸಿಕ್ಕವು. ಆ ವರ್ಷ ತೋಪಿಗೆ ಹೋಗಿ ಬರಿಗೊಂಬೆ ನೋಡಿಕೊಂಡು ಬಂದು, ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಮರುವರ್ಷ ಎರಡು ಲಕ್ಷ ದಾಟಿತು, ಮೂರು ವರ್ಷದ ನಂತರ ಮತ್ತೆ 10,000ದ ಕೆಳಗೆ ಬಂತು. ಮಿಲ್ಕ್‌ವೀಡ್ ಗಿಡ ಇಲ್ಲವಾಗುತ್ತಿದೆ, ಹೊಲಗಳಿಗೆ ಔಷಧಿ ಹೊಡೆಯುತ್ತಾರೆ, ಬರವೂ ಇದೆ. ಹೊರಡುವ ಮೊದಲು ಪಾರ್ಕಿಗೆ ಫೋನ್ ಮಾಡಿ ಈ ವಾರ ಹೇಗಿವೆ ಅಂತ ಕೇಳು. ಹತ್ತೇ ಇದ್ದರೂ ಹೋಗು ಅಂತಲೇ ನಾನು ಹೇಳುತ್ತೇನೆ.

ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗು. ಚಿತ್ರಾನ್ನ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ. ಡಬ್ಬಿ ತೆರೆದಿಟ್ಟು ಆ ಕಡೆ ತಿರುಗಬೇಡ, ಕಡಲಹಕ್ಕಿಗಳು ಬಂದು ಹೊತ್ತುಕೊಂಡು ಹೋಗುತ್ತವೆ.

ಮಧ್ಯಾಹ್ನದ ಮೇಲೆ ಬಂಡೆಗಳ ಕಡೆ ಹೋಗಬೇಕು. ಆದರೆ ಅದಕ್ಕೆ ಇಳಿತದ ಹೊತ್ತೇ ಆಗಬೇಕು. ಸಾಂತಾ ಕ್ರೂಜ್‌ನ ಉಬ್ಬರ-ಇಳಿತದ ಪಟ್ಟಿ ಇಂಟರ್‌ನೆಟ್‌ನಲ್ಲೇ ಸಿಗುತ್ತದೆ. ಚಳಿಗಾಲದಲ್ಲಿ ಇಲ್ಲಿ ದೊಡ್ಡ ಇಳಿತ ಬರುವುದು ಮಧ್ಯಾಹ್ನದ ಮೇಲೆಯೇ, ಅದೂ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ. ನಾನು ಹೊನ್ನಾವರದವಳು, ಈ ಲೆಕ್ಕ ಚಿಕ್ಕಂದಿನಿಂದ ಗೊತ್ತು. ಇಲ್ಲೂ ಮೊದಲು ಗೋಡೆಯ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ, ಆಮೇಲೆ ಪಟ್ಟಿ ನೋಡುತ್ತೇನೆ. ನೀರು ಹಿಂದೆ ಸರಿದಾಗ ಬಂಡೆಯ ಗುಳಿಗಳಲ್ಲಿ ಒಂದಿಷ್ಟು ಸಮುದ್ರ ಉಳಿದುಕೊಂಡಿರುತ್ತದೆ. ಊಟದ ತಟ್ಟೆಯಷ್ಟು ಅಗಲದ ಒಂದು ಗುಳಿಯಲ್ಲಿ ಹಸಿರು ಸೇವಂತಿಗೆಯಂಥ ಕಡಲಹೂ ಇರುತ್ತದೆ. ಅದು ಗಿಡವಲ್ಲ, ಪ್ರಾಣಿ. ಪಕ್ಕದಲ್ಲಿ ಶಂಖದ ಹುಳುವಿನ ಖಾಲಿ ಚಿಪ್ಪು ಹೊತ್ತ ಏಡಿಮರಿ. ನಿನ್ನ ನೆರಳು ಬಿದ್ದರೆ ಒಳಗೆ ಸೇರಿಕೊಳ್ಳುತ್ತದೆ. ಅಲುಗಾಡದೆ ಕೂತರೆ ಮೊದಲು ಒಂದು ಮೀಸೆ, ಆಮೇಲೆ ಒಂದು ಕಾಲು ಹೊರಗೆ ಬರುತ್ತದೆ. ಏನನ್ನೂ ಕೀಳಬಾರದು, ಮನೆಗೂ ತರಬಾರದು. ಖಾಲಿ ಚಿಪ್ಪನ್ನೂ ಅಲ್ಲೇ ಬಿಡು, ನಾಳೆ ಯಾವುದೋ ಏಡಿಗೆ ಅದು ಮನೆ. ಅಪ್ಪನನ್ನು ಬಂಡೆಯ ಮೇಲೆ ಹತ್ತಿಸಬೇಡ, ಪಾಚಿ ಜಾರುತ್ತದೆ. ದಂಡೆಯ ಮೇಲೆ ಒಂದು ಮಡಚುವ ಕುರ್ಚಿ ಹಾಕಿಕೊಡು.

ಸಮುದ್ರಕ್ಕೆ ಬೆನ್ನು ಹಾಕಿ ಯಾರೂ ನಿಲ್ಲಬಾರದು. ಇದು ಮುರ್ಡೇಶ್ವರದ ನೀರಲ್ಲ. ಹತ್ತು ನಿಮಿಷ ಸಣ್ಣ ಅಲೆಗಳೇ ಬಂದು, ಆಮೇಲಿನದು ಸೊಂಟದವರೆಗೆ ಬರಬಹುದು. ನೀರು ಕಾಲು ಮರಗಟ್ಟುವಷ್ಟು ತಣ್ಣಗಿರುತ್ತದೆ.

ಹೆಸರಿನಲ್ಲಿರುವ ಸೇತುವೆಗಳ ಪೈಕಿ ಈಗ ಉಳಿದಿರುವುದು ಒಂದೇ. ಅಲೆಗಳು ಮೆದು ಬಂಡೆ ಕೊರೆದು ಮೂರು ಕಮಾನು ಮಾಡಿದ್ದವು. ಹೊರಗಿನದು ಸುಮಾರು ನೂರು ವರ್ಷದ ಹಿಂದೆಯೇ ಬಿತ್ತು, ದಡದ ಕಡೆಯದು 1980ರ ಬಿರುಗಾಳಿಯಲ್ಲಿ ಕುಸಿಯಿತು. ಉಳಿದ ಕಮಾನಿನ ಮೇಲೆ ಹಕ್ಕಿಗಳು ಸಾಲಾಗಿ ಕೂತಿರುತ್ತವೆ. ನವೆಂಬರ್‌ನಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಅದನ್ನು ನೋಡಿಕೊಂಡೇ ಹೊರಡು.

ದಾರಿ ಸುಮಾರು ಒಂದು ಗಂಟೆ. ಹೈವೇ 17 ನಮ್ಮ ಘಾಟಿಯ ಹಾಗೇ ತಿರುವು, ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸು, ಎಂಟೂವರೆಗೆ ಮನೆ ಬಿಡು. ಕಾರಿಗೆ 10 ಡಾಲರ್ ತೆಗೆದುಕೊಳ್ಳುತ್ತಾರೆ. ನಿನ್ನ ಲೈಬ್ರರಿ ಕಾರ್ಡಿನಲ್ಲಿ ಪುಸ್ತಕದ ಹಾಗೆ ಸ್ಟೇಟ್ ಪಾರ್ಕ್ ಪಾಸ್ ಕೂಡ ಎರವಲು ಸಿಗುತ್ತದೆ. ಅದು ನಡೆಯುವ ಪಾರ್ಕುಗಳ ಪಟ್ಟಿ ನೋಡಿಕೊಂಡು ಈಗಲೇ ಸರದಿಗೆ ಹೆಸರು ಹಾಕು.

ಇನ್ನೊಂದು. ನನ್ನ ಅಮ್ಮ ಬಂದಾಗ, ನೀರು ತಣ್ಣಗಿದೆ ಬೇಡಮ್ಮಾ ಅಂದರೂ ಸೀರೆ ಸ್ವಲ್ಪ ಎತ್ತಿಕೊಂಡು ಇಳಿದೇಬಿಟ್ಟಳು. ಬೊಗಸೆಯಲ್ಲಿ ನೀರು ತೆಗೆದು ತಲೆಗೆ ಪ್ರೋಕ್ಷಣೆ ಮಾಡಿಕೊಂಡು, ಬಾಯಲ್ಲಿ ಏನೋ ಹೇಳಿಕೊಂಡು, ಪಡುವಣಕ್ಕೆ ಕೈ ಮುಗಿದಳು. ನಿನ್ನ ಅಮ್ಮನೂ ಇಳಿಯುತ್ತಾರೆ. ಒಂದು ಟವೆಲ್, ಒಂದು ಜೊತೆ ಒಣ ಸಾಕ್ಸ್ ಕಾರಿನಲ್ಲಿ ಇಟ್ಟುಕೊ.